ಸನ್ಯಾಸಿ ಒರತೆಯ ಕೆಂಪು ಚಕ್ಕೆ

ಹೆಸರು ಎರೊಂದಿನಾ ಪಡೀಲ್ಯಾ, ತೀರಿಹೋದ ಸತುರ್ನೀನೊ ಪಡೀಲ್ಯಾ ಅವರ ಹೆಂಡತಿ, ವಯಸ್ಸು ಅರವತ್ತೊಂದು, ಕಸುಬು ಹೊಲದ ಕೆಲಸ, ವಾಸ ಸಾಂತಾ ಕತಾರೀನಾ ಮೇಲ್ಸೀಮೆಯ ಗರ್ಸಾಸ್ ಒಕ್ಕಲು ವಸತಿ, ಮನೆಗೆ ನಂಬರ್ ಇಲ್ಲ, ನೀಲಿ ಬಾಗಿಲು. ಪೈನ್ ಕಂಪನಿಯವರು ಕೊಟ್ಟ ದೂರಿನ ಮೇಲೆ ನನ್ನನ್ನು ಈ ಠಾಣೆಗೆ ಕರೆಸಿ ಕೇಳಲಾಗಿ, ಯಾರ ಹೆದರಿಕೆಗೂ ಅಲ್ಲದೆ ನನ್ನ ಬಾಯಿಂದ ತಿಳಿಸುವುದೇನೆಂದರೆ:

ದೂರನ್ನು ಗುಮಾಸ್ತರು ನನಗೆ ಓದಿ ಹೇಳಿದರು. ನಾವು ಕಂಪನಿಯ ಪೈನ್ ಮರ ಕದ್ದು ಕಡಿದೆವಂತೆ. ಹಳೇ ಟ್ರ್ಯಾಕ್ಟರಿಗೆ ಯಂತ್ರ ಕಟ್ಟಿ ಅವನ್ನೆಲ್ಲ ಚೂರು ಮಾಡಿ ಸಾಕ್ಷಿ ಅಳಿಸಿದೆವಂತೆ. ಕೊನೆಗೊಂದು ಮಾತು: ಸನ್ಯಾಸಿ ಒರತೆಯ ಹತ್ತಿರ ಶಿಲುಬೆ ಅನ್ನುವುದು ಈಗ ಇಲ್ಲ, ಹಾಗಾಗಿ ಆ ಜಾಗ ಕಂಪನಿಗೆ ಸೇರಬೇಕಂತೆ. ಮೊದಲಿನದು ಸುಳ್ಳು. ಎರಡನೆಯದರಲ್ಲಿ ಟ್ರ್ಯಾಕ್ಟರ್ ನಿಜ. ನಾನು ಬಸ್ಸು ಹತ್ತಿ ಬಂದಿರುವುದು ಆ ಕೊನೆಯ ಮಾತಿಗೆ ಉತ್ತರ ಕೊಡಲು.

ಸನ್ಯಾಸಿ ಒರತೆ ನಮ್ಮ ವಸತಿಗೂ ಕಂಪನಿಯ ಪೈನ್ ತೋಪಿಗೂ ನಡುವಿನ ಇಳಿಜಾರಿನಲ್ಲಿದೆ. ಹಿಂದೆ ಒಬ್ಬ ಅಲೆಮಾರಿ ಸನ್ಯಾಸಿ ಅಲ್ಲಿ ನೀರು ಕುಡಿದು, ಒಂದಿರುಳು ಮಲಗಿದ್ದು, ಹೋಗುವಾಗ ಸೆದ್ರೊ ಮರದ ಹಸಿ ಕೊಂಬೆಯಿಂದ ಶಿಲುಬೆ ಮಾಡಿ ನೆಟ್ಟುಹೋದನೆಂದು ನಮ್ಮವರು ಹೇಳುತ್ತಾರೆ. ಸೆದ್ರೊ ಕೆಂಪು ಕಟ್ಟಿಗೆಯ ಮರ, ಕಡಿದು ನೆಟ್ಟರೂ ಚಿಗುರುತ್ತದೆ. ಶಿಲುಬೆಯೂ ಚಿಗುರಿತು. ಅದು ಮುದಿಯಾದಾಗ ಅದರದೇ ಕೊಂಬೆ ಮುರಿದು ಇನ್ನೊಂದು ನೆಟ್ಟರು. ಈಗಿನದನ್ನು ನೆಟ್ಟವರು ನಮ್ಮ ವಸತಿಗೇ ಹಿರಿಯರಾದ ಸೆಫೆರೀನಾ ಅಜ್ಜಿಯ ತಾಯಿ. ಅಜ್ಜಿಗೇ ಎಂಬತ್ತು ದಾಟಿದೆ. ನಮ್ಮ ಮಕ್ಕಳಿಗೆಲ್ಲ ಹೆಸರಿಡುವುದು ಆ ನೀರು ಹಾಕಿ. ಪಾದ್ರಿ ಆಮೇಲೆ ಯಾವಾಗಲೋ ಬರುತ್ತಾರೆ, ಬರದಿದ್ದರೆ ಇಲ್ಲ.

ಹಿಂದೊಮ್ಮೆ ಕಂಪನಿ ಒರತೆಯ ಬಾಯಿವರೆಗೂ ಪೈನ್ ನೆಡಲು ಬಂದಾಗ ನಾವು ಹೆಂಗಸರು ಅವರು ತೋಡಿದ ಗುಂಡಿಗಳ ಮೇಲೆ ಕೂತೆವು. ಎಬ್ಬಿಸಲು ಬಂದವರು ಇದೇ ಠಾಣೆಯವರು. ನನ್ನ ಎಡಗೈ ಇವತ್ತಿಗೂ ಭುಜದ ಮೇಲಕ್ಕೆ ಏಳುವುದಿಲ್ಲ, ಅದನ್ನು ಈ ಹೇಳಿಕೆಯಲ್ಲಿ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಆಗ ನ್ಯಾಯಾಧೀಶರು ಒಂದು ಆಜ್ಞೆ ಮಾಡಿದರು: ಅಲ್ಲಿ ಜೀವ ಇರುವ ಶಿಲುಬೆ ನಿಂತಿರುವ ತನಕ ಸುತ್ತ ಐವತ್ತು ಮೀಟರ್ ಜನರ ಪೂಜೆಯ ಜಾಗ, ಕಂಪನಿ ಕಾಲಿಡಬಾರದು. ಕಂಪನಿ ಕಾಲಿಡಲಿಲ್ಲ. ಅದರ ಬೀಜ ಕಾಲಿಟ್ಟಿತು. ಗಾಳಿಯಲ್ಲಿ ಹಾರಿಬಂದ ಬೀಜ ಮೊಳೆತು, ಬೆಳೆದು, ಒರತೆಯ ಸುತ್ತ ಕಾಡಾಗಿ ನೀರು ಹೀರತೊಡಗಿತು. ಕೊಡ ತುಂಬುತ್ತಿದ್ದ ಕಡೆ ಈಗ ಬೊಗಸೆ ತುಂಬಲು ಕಾಯಬೇಕು. ನಾವು ಕಡಿದದ್ದು ಈ ಮರಗಳನ್ನು. ಬೀಜ ಕಂಪನಿಯದು, ಆದ್ದರಿಂದ ಮರವೂ ಕಂಪನಿಯದು ಎಂದು ಅವರ ವಕೀಲರು ಬರೆದಿದ್ದಾರೆ. ಹಾಗಾದರೆ ಕೋರ್ಟಿನ ಗಡಿ ಮೀರಿ ಒಳನುಗ್ಗಿದವರು ಯಾರು? ನುಗ್ಗಿ, ಕೂತು, ನಮ್ಮ ನೀರು ಕುಡಿದವರು ಯಾರು? ಮೊದಲು ದೂರು ಬರೆದುಕೊಳ್ಳಬೇಕಾದದ್ದು ನಮ್ಮದು.

ಏಪ್ರಿಲ್ ಇಪ್ಪತ್ತೊಂಬತ್ತರಂದು ನಾವು ಮರ ಕಡಿಯಲು ಮುಯ್ಯಾಳು ಕರೆದಿದ್ದೆವು, ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿಯುವ ಕೆಲಸ. ಮೇ ಮೂರು ಪವಿತ್ರ ಶಿಲುಬೆಯ ಹಬ್ಬ. ಆ ದಿನ ನನ್ನ ಮೊಮ್ಮಗಳಿಗೆ ಒರತೆಯಲ್ಲಿ ಹೆಸರಿಡುವುದಿತ್ತು. ಅಷ್ಟರೊಳಗೆ ಜಾಗ ಹಸನಾಗಬೇಕು. ಮುಯ್ಯಾಳಿಗೆ ಬಂದವರಿಗೆ ಊಟ ನನ್ನದು. ಹಂದಿಯ ಬೆನ್ನುಮೂಳೆ ಹಾಕಿ ಬೇಯಿಸಿದ ಮೆಕ್ಕೆಜೋಳದ ನುಚ್ಚು.

ಕಡಿದ ಮರವನ್ನು ಸುಡಬಹುದಿತ್ತಲ್ಲ ಎಂದು ಅಧಿಕಾರಿಗಳು ಇಲ್ಲಿ ಕೇಳಿದರು. ಸುಟ್ಟಿದ್ದರೆ ತೋಪಿಗೆ ಬೆಂಕಿ ಹಚ್ಚಲು ಹೋದರೆಂದು ಇದೇ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಹಾಗೇ ಬಿಟ್ಟರೆ ಕಾಯಿ ಒಡೆದು ಮತ್ತೆ ಬೀಜ. ಚೂರು ಮಾಡಿ ನೆಲಕ್ಕೆ ಹಾಸಿದರೆ ನೆಲ ತೇವ ಹಿಡಿಯುತ್ತದೆ.

ಟ್ರ್ಯಾಕ್ಟರ್ ವಸತಿಯದು. ನನಗಿಂತ ದೊಡ್ಡವನು. ಮೈ ಬೂದಿ ಬಣ್ಣ. ಅದು ಬಳಿದದ್ದೋ ವಯಸ್ಸಿಗೆ ಬಂದದ್ದೋ ಹೇಳಲಾರೆ. ನಾವು ಅಜ್ಜ ಅನ್ನುತ್ತೇವೆ. ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿ ಎಬ್ಬಿಸಬೇಕು. ಪೆಟ್ರೋಲಿನಲ್ಲಿ ಏಳುತ್ತಾನೆ, ಮೈ ಬಿಸಿಯಾದ ಮೇಲೆ ಸೀಮೆಎಣ್ಣೆ ಕುಡಿದು ಸಂಜೆವರೆಗೆ ದುಡಿಯುತ್ತಾನೆ. ಪಕ್ಕೆಯಲ್ಲಿ ಒಂದು ರಾಟೆ ಇದೆ. ಅದಕ್ಕೆ ಅಗಲವಾದ ಉದ್ದನೆಯ ಪಟ್ಟಾ ಹಾಕಿ, ಪಟ್ಟಾದ ಇನ್ನೊಂದು ತುದಿಯನ್ನು ದೂರದಲ್ಲಿ ಊರಿದ ಚೂರು ಯಂತ್ರದ ರಾಟೆಗೆ ಕೊಡುತ್ತೇವೆ. ಯಂತ್ರದೊಳಗೆ ಅಲಗುಗಳ ಭಾರಿ ಉರುಳೆ. ಒಂದು ಬಾಯಿಗೆ ಕೊಂಬೆ ಕೊಟ್ಟರೆ ಇನ್ನೊಂದು ಬಾಯಿಂದ ಚಕ್ಕೆ ಉಗುಳುತ್ತದೆ. ಅದರ ಹೆಸರು ಹೊಟ್ಟೆಬಾಕ. ಟ್ರ್ಯಾಕ್ಟರಿನ ಹತ್ತಿರ ನಮ್ಮ ವಸತಿಯ ಅಲ್ಸೀದಿಯೊ ಇದ್ದ. ಅದರ ಕೀಲು ಮುಟ್ಟಲು ಅವನೊಬ್ಬನಿಗೇ ಮನಸ್ಸು ಬರುತ್ತದೆ. ಹೊಟ್ಟೆಬಾಕನಿಗೆ ಉಣಿಸುವವಳು ನಾನು. ಕೂಗಿದರೆ ಕೇಳುವುದಿಲ್ಲವೆಂದು ನನ್ನ ಪಕ್ಕದಿಂದ ಅಲ್ಸೀದಿಯೊ ಇರುವಲ್ಲಿಗೆ ಒಂದು ಹಗ್ಗ ಎಳೆದು, ಆ ತುದಿಗೆ ಹಸುವಿನ ಗಂಟೆ ಕಟ್ಟಿದ್ದೆವು. ಹಗ್ಗ ಎಳೆದರೆ ಅಲ್ಲಿ ಗಂಟೆ ಹೊಡೆಯುತ್ತದೆ, ಅವನು ನಿಲ್ಲಿಸುತ್ತಾನೆ.

ಕೆಲಸ ಎಷ್ಟು ಗಂಟೆಗೆ ಶುರುವಾಯಿತು ಎಂದು ಕೇಳಿದಿರಿ. ಆ ದಿನ ಗಂಟೆ ಇರಲಿಲ್ಲ, ಮಂಜಿತ್ತು. ಹಾಲು ಕಾಯಿಸಿಟ್ಟ ಪಾತ್ರೆಯೊಳಗೆ ಊರನ್ನೇ ಇಳಿಸಿದ ಹಾಗೆ. ಚಾಚಿದ ನನ್ನ ಕೈಯ ಆಚೆಗೆ ನನಗೆ ಏನೂ ಕಾಣುತ್ತಿರಲಿಲ್ಲ. ಜನ ಒಬ್ಬೊಬ್ಬರಾಗಿ ಕೆಮ್ಮಿನಿಂದ, ನಗುವಿನಿಂದ ಬಂದು ಸೇರಿದರು. ಇಂಥವರು ಬಂದರೆಂದು ಗೊತ್ತಾದದ್ದು ಹಾಗೆ. ಅಲ್ಸೀದಿಯೊ ಹ್ಯಾಂಡಲ್ ತಿರುಗಿಸಿದ. ಅಜ್ಜ ಕೆಮ್ಮಿ ಸುಮ್ಮನಾದ. ಮತ್ತೆ ತಿರುಗಿಸಿದ, ಮತ್ತೆ ಕೆಮ್ಮು.

ಒರತೆಯ ಹತ್ತಿರ ಕಲ್ಲಿನ ಮೇಲೆ ಸೋರೆಬುರುಡೆ ಹಿಡಿದು ಶಿಮರೊಂ ಎಂಬ ಬಿಸಿ ಎಲೆಕಷಾಯ ಹೀರುತ್ತ ಕೂತಿದ್ದ ಸೆಫೆರೀನಾ ಅಜ್ಜಿ, 'ಯಾಕೋ ಅಲ್ಸೀದಿಯೊ, ಮುದುಕನ್ನ ಚಳೀಲಿ ಎಬ್ಬಿಸಿ ಸಾಯಿಸ್ತೀಯ, ಬಿಡೋ' ಅಂದರು.

'ನಿಮ್ಮ ಗಂಡಂಗಿಂತ ವಾಸಿ ಅಜ್ಜಿ, ಇವನು ಎಬ್ಬಿಸಿದ್ರೆ ಏಳ್ತಾನೆ' ಎಂದು ಮಂಜಿನ ಒಳಗಿಂದ ಅವನು ಹೇಳಿದ.

'ನನ್ನ ಗಂಡ ಏಳ್ತಿದ್ದ ಕಣೋ. ನಿನ್ನಂಥವರ ಜತೆ ಮುಯ್ಯಾಳಿಗೆ ಬರಬಾರ್ದು ಅಂತ್ಲೇ ಮಲಗಿಬಿಟ್ಟ' ಎಂದು ಅಜ್ಜಿ ಹೇಳಲಾಗಿ ಎಲ್ಲರೂ ನಕ್ಕರು. ಆ ನಗುವಿನ ನಡುವೆ ಅಜ್ಜ ಎದ್ದ. ತುಕ್ ತುಕ್ ತುಕ್.

ನನಗೆ ಟ್ರ್ಯಾಕ್ಟರ್ ಕಾಣಲಿಲ್ಲ, ಪಟ್ಟಾ ಮಾತ್ರ ಕಂಡಿತು. ಬಿಳುಪಿನಿಂದ ಹೊರಟು ಬಂದು ನನ್ನ ಪಕ್ಕದ ರಾಟೆಯನ್ನು ಸುತ್ತಿ ಮತ್ತೆ ಬಿಳುಪಿನೊಳಗೆ ಹೋಗುತ್ತಿತ್ತು. ಯಾರು ಕಳಿಸುತ್ತಿದ್ದಾರೆ, ಯಾರು ಎಳೆದುಕೊಳ್ಳುತ್ತಿದ್ದಾರೆ ಒಂದೂ ಇಲ್ಲ. ಮೇಲ್ಗಡೆ ಎಲ್ಲೋ ಕೊಡಲಿ ಬೀಳುತ್ತಿತ್ತು. ಮರ ಬೀಳುವುದು ಕಾಣದೆ ಬರೀ ನಿಟ್ಟುಸಿರು ಕೇಳುತ್ತಿತ್ತು. ಆಮೇಲೆ ಕೊಂಬೆಗಳು ಕೈಯಿಂದ ಕೈಗೆ ಸಾಲಾಗಿ ಬರುತ್ತಿದ್ದವು. ಮಂಜಿನಿಂದ ಎರಡು ಕೈ ಕೊಂಬೆ ನೀಡುತ್ತಿದ್ದವು, ನಾನು ಬುಡ ಮುಂದೆ ಮಾಡಿ ಯಂತ್ರದ ಬಾಯಿಗೆ ಕೊಡುತ್ತಿದ್ದೆ, ಅದು ಕೊನೆಯ ಸೂಜಿಯೆಲೆವರೆಗೆ ಎಳೆದುಕೊಳ್ಳುತ್ತಿತ್ತು. ಚಕ್ಕೆಗಳು ಮೇಲಕ್ಕೆ ಹಾರಿ ಎಲ್ಲಿ ಬಿದ್ದವೋ ಕಾಣದು. ಬಿಳಿ ಚಕ್ಕೆ ಬಿಳಿ ಗಾಳಿಯೊಳಗೆ ಕರಗಿ ಹೋದಂತೆ. ತುಸು ಹೊತ್ತಿಗೆ ನನಗೆ ನಾನು ನಿಂತಿದ್ದೇನೋ ತೇಲುತ್ತಿದ್ದೇನೋ ಮರೆಯಿತು. ಕಾಲ ಕೆಳಗೆ ನೆಲ ಚಕ್ಕೆಯಿಂದ ಮೆತ್ತಗಾಗುತ್ತ ಬಂತು. ನನ್ನ ಗಂಡ ಬದುಕಿದ್ದಾಗ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಒಲೆಗೆ ಚಕ್ಕೆ ಸೀಳುತ್ತಿದ್ದ ಸದ್ದು, ನಾನು ಹಾಸಿಗೆಯಲ್ಲೇ ಕೇಳಿಕೊಂಡು ಮಲಗಿರುತ್ತಿದ್ದುದು, ಅದೇ ಹಾಸಿಗೆ, ಅದೇ ಸದ್ದು ಅನ್ನಿಸಿತು. ಇದನ್ನು ಬರೆಯಬೇಕೇ ಎಂದು ಗುಮಾಸ್ತರು ಕೇಳಿದರು. ಬರೆಯಬೇಕು. ತಪ್ಪು ಹೇಗಾಯಿತೆಂದು ಕೇಳಿದವರು ನೀವೇ.

ಆಮೇಲೆ ವಾಸನೆ ಬದಲಾಯಿತು.

ಪೈನಿನ ವಾಸನೆ ಮೂಗನ್ನು ಚುಚ್ಚುತ್ತದೆ. ಇದು ಚುಚ್ಚಲಿಲ್ಲ. ಸಿಹಿಯಾಗಿತ್ತು, ಬಾಣಂತಿ ಕೋಣೆಯ ಹಳೇ ಪೆಟ್ಟಿಗೆ ತೆರೆದ ಹಾಗೆ. ನಾನು ಕೆಳಗೆ ನೋಡಿದೆ. ಬಿಳಿ ಚಕ್ಕೆಯ ಮೇಲೆ ಕೆಂಪು ಚಕ್ಕೆ ಬೀಳುತ್ತಿತ್ತು. ಯಂತ್ರದ ಬಾಯಲ್ಲಿದ್ದ ಕೊಂಬೆಯ ತುದಿಯಲ್ಲಿ ಹಳದಿಗೆ ತಿರುಗಿದ ಅಗಲ ಎಲೆಗಳಿದ್ದವು. ಪೈನಿಗೆ ಅಂಥ ಎಲೆ ಇಲ್ಲ.

ಒಂದು ಮರ ಬೀಳುವಾಗ ಶಿಲುಬೆಯನ್ನು ಕೆಡವಿಕೊಂಡು ಬಿದ್ದಿತ್ತು. ಅಡ್ಡತೋಳು ಕಳಚಿ ಹೋಗಿ ಬರೀ ಕಂಬ ಉಳಿದಿತ್ತು. ಕಂಬದ ನೆತ್ತಿಯಲ್ಲಿ ಚಿಗುರಿತ್ತಲ್ಲ, ಎಲೆ ಇತ್ತಲ್ಲ, ಅದರಿಂದ ಕೈಗಳಿಗೆ ಅದು ಕೊಂಬೆಯೆಂದೇ ಆಯಿತು. ಸತ್ತ ಮರದ ಶಿಲುಬೆಯಾಗಿದ್ದರೆ ಯಾವ ಕೈಯೂ ಮೋಸ ಹೋಗುತ್ತಿರಲಿಲ್ಲ. ಬದುಕಿದ್ದೇ ಅದರ ತಪ್ಪಾಯಿತು. ಯಾರ ಕೊಡಲಿ, ಯಾರ ಕೈ ಎಂದು ನೀವು ಕೇಳಿದಿರಿ. ಮುಯ್ಯಾಳಿನಲ್ಲಿ ಕೊಡಲಿಗೆ ಹೆಸರಿರುವುದಿಲ್ಲ. ಆದರೆ ಯಂತ್ರದ ಬಾಯಿಗೆ ಕೊಟ್ಟ ಕೈಗೆ ಹೆಸರಿದೆ. ಎರೊಂದಿನಾ ಪಡೀಲ್ಯಾ. ದಪ್ಪಕ್ಷರದಲ್ಲಿ ಬರೆದುಕೊಳ್ಳಿ.

ನಾನು ಹಗ್ಗ ಎಳೆದೆ. ದೂರದಲ್ಲಿ ಗಂಟೆ ಹೊಡೆಯಿತು, ಯಾವುದೋ ಹಸು ಕನಸಿನಲ್ಲಿ ನಡೆದಂತೆ. ಅಲ್ಸೀದಿಯೊ ನಿಲ್ಲಿಸಲು ಹೊರಟ, ಆದರೆ ಉರುಳೆ ಭಾರ, ಅದು ತಾನಾಗಿ ನಿಲ್ಲುವ ಹೊತ್ತಿಗೆ ಕಂಬ ಪೂರ್ತಿ ಹೋಗುತ್ತಿತ್ತು. ನಾನು ತುದಿ ಹಿಡಿದು ಜಗ್ಗಿದೆ. ಎಡಗೈ ಏಳಲಿಲ್ಲ. ಆಗ ಮಂಜಿನಿಂದ ಒಂದು ಉದ್ದನೆಯ ಗಳ ಬಂದು ಪಟ್ಟಾವನ್ನು ರಾಟೆಯಿಂದ ಜಾರಿಸಿತು. ಹಿಂದೆಯೇ ಒಂದು ಕೈ ಬಂತು. ನನ್ನ ಕೈಯ ಪಕ್ಕದಲ್ಲೇ ಕಂಬವನ್ನು ಹಿಡಿದು, ತಿರುಚಿ, ಯಂತ್ರದ ಬಾಯಿಂದ ಕಿತ್ತುಕೊಂಡಿತು. ಉಳಿದದ್ದು ನನ್ನ ತೋಳಿನಷ್ಟು ಉದ್ದದ ತುಂಡು, ತುದಿಯಲ್ಲಿ ನಾಲ್ಕು ಎಲೆ. ಆ ಕೈ ತುಂಡನ್ನು ಹಿಡಿದುಕೊಂಡು ಬಿಳುಪಿನೊಳಗೆ ಹಿಂದಕ್ಕೆ ಹೋಯಿತು.

ಅಜ್ಜನ ಸದ್ದು ನಿಂತಿತು. ಎಲ್ಲರೂ ಚಕ್ಕೆಯ ಸುತ್ತ ಬಂದು ನಿಂತರು. ಮೊದಲು ಅತ್ತವನು ಅಲ್ಸೀದಿಯೊ. ಸೆಫೆರೀನಾ ಅಜ್ಜಿ ಕೋಲೂರಿ ಬಂದು ಒಂದು ಕೆಂಪು ಚಕ್ಕೆ ಎತ್ತಿ ಮೂಸಿದರು. ನಾನು ಅವರ ಕಾಲು ಹಿಡಿಯಲು ಬಗ್ಗಿದೆ. 'ಏಳೇ, ಕಾಲು ಬಿಡು, ಮಂಜಲ್ಲಿ ನನ್ನ ಕಾಲೋ ಕಲ್ಲೋ ಗೊತ್ತಾಗಲ್ಲ ನಿಂಗೆ' ಎಂದು ಬೈದರು. ಆಮೇಲೆ, 'ಸನ್ಯಾಸೀನೂ ಒಂದೇ ಕಡೆ ನಿಂತೋನಲ್ಲ ಬಿಡು' ಎಂದರು. ಹೆಂಗಸರು ಕೆಂಪು ಚಕ್ಕೆಗಳನ್ನು ಆರಿಸಿ ಮಡಿಲಿಗೂ ಟೋಪಿಗೂ ತುಂಬಿಕೊಂಡರು. ನುಚ್ಚು ತಣ್ಣಗಾಗಿತ್ತು. ಯಾರೂ ಉಣ್ಣಲಿಲ್ಲ.

ಮರುದಿನ ಕಂಪನಿಯ ಜೀಪು ಬಂತು, ಅದರ ಹಿಂದೆ ನಿಮ್ಮದು. ಅಜ್ಜನನ್ನೂ ಹೊಟ್ಟೆಬಾಕನನ್ನೂ ಎಳೆದು ತಂದಿರಿ. ಈಗ ಅವು ಈ ಠಾಣೆಯ ಅಂಗಳದಲ್ಲಿ ಮಳೆಯಲ್ಲಿ ನಿಂತಿರುವುದನ್ನು ಬರುವಾಗ ಕಂಡೆ. ಹೊಗೆ ಕೊಳವೆಯ ಬಾಯಿಗೆ ಒಂದು ಡಬ್ಬಿ ಬೋರಲು ಹಾಕಿಸಿ. ನೀರು ಇಳಿದರೆ ಮತ್ತೆ ಏಳುವುದಿಲ್ಲ. ಕೇಸು ಯಾರ ಮೇಲಿದ್ದರೂ ಅದು ಮುದುಕ.

ಕಂಪನಿಯ ದೂರಿಗೆ ಹೆಬ್ಬೆಟ್ಟು ಒತ್ತಿರುವವನು ತೋಪಿನ ಕಾವಲುಗಾರ ವಾಲ್ದೆವೀನೊ. ಎಲ್ಲವನ್ನೂ ಗಡಿಯ ಆಚೆಯಿಂದ ಸ್ಪಷ್ಟವಾಗಿ ಕಂಡೆನೆಂದು ಅವನ ಬಾಯಲ್ಲಿ ಬರೆಸಿದ್ದಾರೆ. ಅವನು ಕಂಡೆ ಅಂದರೆ ಕಂಡಿರಬೇಕು. ನಮಗೆ ಮಾತ್ರ ನಮ್ಮ ಮೂಗು ಕಾಣುತ್ತಿರಲಿಲ್ಲ. ವಾಲ್ದೆವೀನೊ ನಮ್ಮವನೇ. ಅವನ ಅಪ್ಪ ನನ್ನ ಅಪ್ಪನ ಜತೆ ಒಂದೇ ಬಂಡಿಯಲ್ಲಿ ಈ ಸೀಮೆಗೆ ಬಂದವನು. ಈಗ ಅವನು ಇರುವುದು ಕಂಪನಿಯ ಮನೆ, ಉಣ್ಣುವುದು ಕಂಪನಿಯ ಅನ್ನ. ಕಂಪನಿ ಬೇಡವೆಂದರೆ ಅವತ್ತೇ ಸಾಮಾನು ರಸ್ತೆಯಲ್ಲಿ. ಅವನ ಮಗಳಿಗೆ ಸನ್ಯಾಸಿ ಒರತೆಯ ನೀರು ಹಾಕಿ ಹೆಸರಿಟ್ಟವಳು ನಾನು. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಆ ನೀರಿನ ನಂಟಿನಲ್ಲಿ ಕಟ್ಟಿಕೊಂಡವರು ಒಬ್ಬರ ಮೇಲೊಬ್ಬರು ಕೈ ಎತ್ತುವಂತಿಲ್ಲ, ಬಾಯಿ ಎತ್ತುವಂತಿಲ್ಲ, ಸಾಕ್ಷಿ ಹೇಳುವಂತಿಲ್ಲ.

ಮೇ ಮೂರರ ಬೆಳಿಗ್ಗೆ ಮತ್ತೆ ಮಂಜಿತ್ತು. ಸೆಫೆರೀನಾ ಅಜ್ಜಿ ಬಾಗಿಲು ತೆರೆದಾಗ ಹೊಸಿಲ ಮೇಲೆ ಒದ್ದೆ ಗೋಣಿಚೀಲ ಸುತ್ತಿದ ಒಂದು ವಸ್ತು ಇತ್ತು. ಅದು ನನ್ನ ತೋಳಿನಷ್ಟು ಉದ್ದದ ತುಂಡು. ಎಲೆ ಉದುರಿತ್ತು, ಕಡಿತದ ಬಾಯಿಗೆ ಯಾರೋ ಹಸಿಮಣ್ಣು ಮೆತ್ತಿದ್ದರು. ಇಟ್ಟವರು ಯಾರೆಂದು ಅಜ್ಜಿ ನೋಡಲಿಲ್ಲ. ನೋಡಲು ಹೋಗಲೂ ಇಲ್ಲ.

ಇಲ್ಲಿ ಅಧಿಕಾರಿಗಳು ಬರೆಯುವುದನ್ನು ನಿಲ್ಲಿಸಿ ನನ್ನನ್ನು ಕೇಳಿದರು: ಯಂತ್ರದಿಂದ ತುಂಡನ್ನು ಕಿತ್ತುಕೊಂಡ ಕೈ ಕಾವಲುಗಾರ ವಾಲ್ದೆವೀನೊನದೇ? ಹೌದೆಂದರೆ ನಿಮಗೇ ಅನುಕೂಲ, ಕಂಪನಿಯ ಮನುಷ್ಯನೇ ಶಿಲುಬೆ ಇತ್ತೆಂದು ಸಾಕ್ಷಿಯಾಗುತ್ತಾನೆ, ಆಜ್ಞೆ ಉಳಿಯುತ್ತದೆ, ಯೋಚನೆ ಮಾಡಿ ಹೇಳಿ ಎಂದರು. ಯೋಚನೆ ಮಾಡಿದೆ. ಮೂರು ಸಲ ಕೇಳಿದರು. ಮೂರು ಸಲವೂ ನಾನು ಹೇಳಿದ್ದು ಒಂದೇ: ಅವನು ನನ್ನ ಕೊಂಪಾದ್ರೆ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಕಡಿಮೆಯೂ ಹೇಳುವುದಿಲ್ಲ. ಬಾಯಿ ಬಿಡದಿದ್ದರೆ ಒರತೆ ಕಳೆದುಕೊಳ್ಳುತ್ತೀರಿ ಎಂದರು. ಒರತೆಯಲ್ಲಿ ಆಡಿದ ಮಾತು ಮುರಿದು ಒರತೆ ಉಳಿಸಿಕೊಂಡರೆ ನಮಗೆ ಉಳಿಯುವುದು ಬರೀ ನೀರು ಎಂದು ತಿಳಿಸಿರುತ್ತೇನೆ.

ಹಬ್ಬದ ದಿನ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ವಸತಿಯ ಪ್ರತಿ ಮನೆಯವರೂ ಒಂದೊಂದು ಬೋಳು ಕೋಲು ಕಡಿದು ತಂದಿದ್ದರು. ಹೀಗೆ ಮಾಡಿರೆಂದು ಹೇಳಿದವರು ಸೆಫೆರೀನಾ ಅಜ್ಜಿ. ಎಲ್ಲ ಒಂದೇ ಉದ್ದ, ಎಲ್ಲಕ್ಕೂ ಬುಡದಲ್ಲಿ ಹಸಿಮಣ್ಣು. ಅಜ್ಜಿ ಗೋಣಿಚೀಲದೊಳಗಿನ ತುಂಡನ್ನೂ ಆ ರಾಶಿಯಲ್ಲಿ ಮಲಗಿಸಿದರು. ಮಂಜಿನಲ್ಲಿ ಒಬ್ಬೊಬ್ಬರು ಬಂದು, ನೋಡದೆ ಒಂದೊಂದು ಕೋಲು ಎತ್ತಿಕೊಂಡು, ಕೆಂಪು ಬಿಳಿ ಚಕ್ಕೆ ಹಾಸಿದ ನೆಲದಲ್ಲಿ ಒರತೆಯ ಸುತ್ತ ನೆಟ್ಟರು. ನೆಟ್ಟವರು ಎಷ್ಟು ಜನ ಎಂದರೆ, ಮಂಜಿನಲ್ಲಿ ಎಣಿಸಿಲ್ಲ. ವಸತಿಯವರಲ್ಲದವರು ಇದ್ದರೇ ಎಂದರೆ, ಮಂಜು ಯಾರನ್ನೂ ಹೆಸರು ಕೇಳಲಿಲ್ಲ. ನಡುವೆ ಒಂದು ಕೆಮ್ಮು ಕೇಳಿತು. 'ಯಾರದು, ಬಂದಿದ್ದಕ್ಕೆ ಹತ್ತಿರ ಬಾ, ಕೂಸಿಗೆ ನೀರು ಹಾಕ್ತೀವಿ, ನೋಡಿಕೊಂಡು ಹೋಗು' ಎಂದು ಅಜ್ಜಿ ಕೂಗಿ ಹೇಳಿದರು. ನನ್ನ ಮೊಮ್ಮಗಳ ನೆತ್ತಿಗೆ ಬೊಗಸೆ ನೀರು ಬಿತ್ತು. ಚೀರಿ ಅತ್ತಳು. ಜೀವ ಇರುವುದೆಲ್ಲ ಅಳುತ್ತದೆ. ಎಲ್ಲರಿಗೂ ಸುಟ್ಟ ಪಿನ್ಯಾಂವ್, ನಮ್ಮ ಕಾಡುಮರದ ದಪ್ಪ ಬೀಜ, ಹಂಚಿದೆವು. ಬುಟ್ಟಿ ಮಂಜಿನ ತುದಿವರೆಗೂ ಹೋಗಿ ಖಾಲಿಯಾಗಿ ಬಂತು.

ಜಾಗ ನೋಡಲು ಕೋರ್ಟಿನ ಮನುಷ್ಯ ಮುಂದಿನ ವಾರ ಬರುತ್ತಾನೆಂದು ತಿಳಿಸಿದಿರಿ. ಬಂದರೆ ಅವನಿಗೆ ಕಾಣುವುದು ಬೋಳು ಕೋಲುಗಳ ಒಂದು ಹಿಂಡು. ಅದರಲ್ಲಿ ಒಂದು ಶಿಲುಬೆ. ಯಾವುದೆಂದು ನನಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ, ನೆಟ್ಟ ಕೈಗೂ ಗೊತ್ತಿಲ್ಲ. ಈಗ ಶುರುವಾಗುವ ನಮ್ಮ ಚಳಿಗಾಲದಲ್ಲಿ ಸೆದ್ರೊ ಎಲೆ ಉದುರಿಸಿ ಸತ್ತಂತೆ ನಿಲ್ಲುತ್ತದೆ. ಸೆಪ್ಟೆಂಬರಿನಲ್ಲಿ ಚಿಗುರುತ್ತದೆ. ಕಂಪನಿಗೆ ಶಿಲುಬೆ ಬೇಡವಾದರೆ ಅವೆಲ್ಲವನ್ನೂ ಕೀಳಲಿ, ನಾವು ಮತ್ತೆ ಗುಂಡಿಗಳ ಮೇಲೆ ಕೂತಿರುತ್ತೇವೆ, ನನ್ನ ಬಲಗೈ ಇನ್ನೂ ಚೆನ್ನಾಗಿದೆ. ನನ್ನ ಮನವಿ ಇಷ್ಟೇ: ಸೆಪ್ಟೆಂಬರ್ ತನಕ ಅಲ್ಲಿ ಯಾವುದೂ ಸತ್ತಿದೆ ಎಂದು ಯಾರೂ ಬರೆಯಕೂಡದು.

ಮೇಲಿನದನ್ನೆಲ್ಲ ಗುಮಾಸ್ತರು ಗಟ್ಟಿಯಾಗಿ ಓದಿ ಹೇಳಿದರು. ನಾನು ಆಡಿದ್ದು ಅದರಲ್ಲಿದೆ, ಆಡದೆ ಬಿಟ್ಟದ್ದು ಅದರಲ್ಲಿಲ್ಲ. ಎರಡಕ್ಕೂ ನಾನೇ ಜವಾಬ್ದಾರಿ ಎಂದು ಒಪ್ಪಿ ಬಲಗೈಯಿಂದ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ರಿಯೊ ದಾಸ್ ಲೊಂತ್ರಾಸ್
ದಿನಾಂಕ: ಮೇ ಐದು
ಸಹಿ: ಎರೊಂದಿನಾ ಪಡೀಲ್ಯಾ

ಲಗತ್ತು: ಬಟ್ಟೆಯಲ್ಲಿ ಕಟ್ಟಿದ ಕೆಂಪು ಚಕ್ಕೆ, ಒಂದು ಹಿಡಿ. ಅಲ್ಲಿ ಶಿಲುಬೆ ಇತ್ತೇ ಎಂದು ಕೇಳುವವರು ಗಂಟು ಬಿಚ್ಚಿ ಮೂಸಿ ನೋಡುವುದು.